ತಟ್ಟೆಯಲ್ಲಿ ಕಣ್ಣು ಹಿಡಿದ ಅಮ್ಮ

ನಾನು ಕಸ ಗುಡಿಸುವ ತುಮಕೂರಿನ ಚರ್ಚಿನಲ್ಲಿ ಒಬ್ಬ ಸಂತಮ್ಮನ ಪ್ರತಿಮೆ ಇದೆ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಕಣ್ಣು. ಯಾವುದೋ ದೂರದೇಶದ ಹುಡುಗಿಯಂತೆ. ತನ್ನ ದೇವರನ್ನು ಬಿಡುವುದಿಲ್ಲ ಎಂದಿದ್ದಕ್ಕೆ ರಾಜನ ಕಡೆಯವರು ಕಣ್ಣು ಕಿತ್ತು ಕೊಂದರಂತೆ. ಸತ್ತು ಸಾವಿರದ ಚಿಲ್ಲರೆ ವರ್ಷವಾದರೂ ಕಣ್ಣು ನೋವಿನವರು ಅವಳನ್ನು ಸುಮ್ಮನೆ ಬಿಟ್ಟಿಲ್ಲ. ಬದುಕಿದ್ದಾಗ ಇಷ್ಟು ಜನ ಹತ್ತಿರ ಬಂದಿದ್ದರೆ ಪ್ರಾಣವಾದರೂ ಉಳಿಯುತ್ತಿತ್ತೇನೋ.

ಅವಳ ಕೀರ್ತಿ ಕುಣಿಗಲ್ಲಿಗೂ ಮುಟ್ಟಿತು. ಅಲ್ಲಿ ನನ್ನ ತಂಗಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಒಲೆ ಯಾವುದು ಗೋಡೆ ಯಾವುದು ತಿಳಿಯದಂತಾಗಿತ್ತು. ಆಪರೇಷನ್ ಬೇಡವೆಂದು ಹಟ ಹಿಡಿದು, ಮಾರಮ್ಮನಿಗೆ ಒಪ್ಪಿಸುವ ಹಾಗೆ ಈ ಸಂತಮ್ಮನಿಗೂ ಬೆಳ್ಳಿ ಕಣ್ಣು ಮಾಡಿಸಿದಳು. ನಾನೇ ಹೋಗಿ ಚರ್ಚಿಗೆ ಕರೆತಂದೆ.

ಪ್ರತಿಮೆಯ ಕೈ ತಡವಿ, “ತಟ್ಟೇಲಿ ಏನಕ್ಕಾ ಇದು, ನಿಂಬೆಹಣ್ಣಾ?” ಎಂದಳು.

“ಕಣ್ಣು ಕಣೇ. ಅವಳ್ದೇ.”

“ಥೂ! ತನ್ ಕಣ್ಣೇ ಉಳಿಸ್ಕೊಳ್ದೋಳು ನಂದೇನ್ ಉಳಿಸ್ತಾಳೆ?”

“ಅದ್ಕೇ ಡಾಕ್ಟ್ರತ್ರ ನಡಿ ಅಂತಾ ಇರೋದು.”

ಬೆಳ್ಳಿ ಕಣ್ಣನ್ನು ಸೆರಗಿಗೆ ಕಟ್ಟಿಕೊಂಡು, ಬಯ್ಯುತ್ತಲೇ ಆಸ್ಪತ್ರೆಗೆ ಬಂದಳು. ಆಪರೇಷನ್ನಿನ ಮಾರನೆಯ ದಿನ ಡಾಕ್ಟರು ಒಂದು ಕಣ್ಣಿನ ಪಟ್ಟಿ ಬಿಚ್ಚಿದರು. ಅವರತ್ತ ತಿರುಗಿಯೂ ನೋಡದೆ, “ಅಮ್ಮ ಕೈ ಬಿಡ್ಲಿಲ್ಲ” ಎಂದು ಗೋಡೆಗೆ ಕೈಮುಗಿದಳು. ಕೊಯ್ದವರು ಡಾಕ್ಟರು, ಕೈಹಿಡಿದು ನಡೆಸಿದವಳು ನಾನು. ಹೆಸರು ಮಾತ್ರ ಆ ಸಂತಮ್ಮನಿಗೆ. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದಳು:

“ಅಯ್ಯೋ, ಏನಕ್ಕಾ ಇಂಗಾಗೋಗಿದೀಯ? ಮುಖಕ್ಕೂ ಯಾರಾದ್ರೂ ಅಮ್ಮ ಅವ್ಳಾ ಅಂತ ಕೇಳಕ್ಕಾ ಚರ್ಚಲ್ಲಿ.”