ಪೂರ್ವ ಆಫ್ರಿಕಾದ ಬೀರು

ನಮ್ಮ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಗುರುಸಿದ್ದಯ್ಯನವರು ದಿನವೂ ನಿಟ್ಟೂರಿನಿಂದ ಗುಬ್ಬಿಗೆ ಹಳೆಯ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಅವರ ಕುರ್ಚಿಯ ಹಿಂದೆ ಒಂದು ಗಾಜಿನ ಬೀರು. ಅದರಲ್ಲಿದ್ದ ಇನ್ನೂರ ಹನ್ನೆರಡು ಪುಸ್ತಕಗಳೂ ಪೂರ್ವ ಆಫ್ರಿಕಾವನ್ನು ಕುರಿತವು. ತಾಂಜಾನಿಯಾದಲ್ಲಿ ಪಾಠ ಮಾಡಿ ಬಂದಿದ್ದ ಮೇಷ್ಟರೊಬ್ಬರು ಕೊಟ್ಟು ಹೋದದ್ದು. ಎಲ್ಲವೂ ಇಂಗ್ಲಿಷ್. ಪಿಯುಸಿವರೆಗೆ ಓದಿದ್ದ ಗುರುಸಿದ್ದಯ್ಯನವರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪುಸ್ತಕಕ್ಕೂ ಕನ್ನಡದಲ್ಲಿ ಕಾರ್ಡು ಬರೆದಿದ್ದರು. ‘ಜಾಂಜಿಬಾರ್. ಲವಂಗದ ತೋಟ, ಪುಟ ೪೧. ಕೊಬ್ಬರಿ, ಪುಟ ೭೭. ಅಲ್ಲಿ ಕಾಯಿ ಒಡೆದು ಒಣಗಿಸುತ್ತಾರೆ, ನಮ್ಮ ಹಾಗೆ ಅಟ್ಟಕ್ಕೆ ಹಾಕುವುದಿಲ್ಲ.’

ಕಳೆದ ವರ್ಷ ತಪಾಸಣಾ ಸಮಿತಿ ಬರುವ ಮುಂಚೆ ಸುತ್ತೋಲೆ ಬಂತು: ಐದು ವರ್ಷದಿಂದ ಯಾರೂ ಪಡೆಯದ ಪುಸ್ತಕಗಳನ್ನು ತೆಗೆದುಹಾಕಬೇಕು. ಆ ಬೀರುವಿನಿಂದ ಯಾರೂ ಒಂದನ್ನೂ ಪಡೆದಿರಲಿಲ್ಲ. ಗುರುಸಿದ್ದಯ್ಯನವರು ರಿಜಿಸ್ಟರ್ ಹಿಡಿದು ನಮ್ಮ ತರಗತಿಯ ಬಾಗಿಲಿಗೇ ಬಂದರು.

"ಒಂದೊಂದ್ ಸೈನ್ ಹಾಕಿ ಹೋಗ್ರವ್ವಾ. ಬುಕ್ ತಗಂಡಂಗೆ, ವಾಪಸ್ ಕೊಟ್ಟಂಗೆ."

"ಸಾರ್, ಆಫ್ರಿಕಾಕ್ಕೆ ವೀಸಾ ಕೊಡ್ತಾ ಇದೀರಾ?" ಎಂದ ರವೀಶ್.

"ಹೂಂ ಕಣಪ್ಪ, ನಿಂಗೆ ಹೋಗಕ್ಕೆ ಮಾತ್ರ. ಬರಕ್ಕಿಲ್ಲ."

ಎಲ್ಲರೂ ನಕ್ಕೆವು. ನಗುತ್ತಲೇ ನಾನು ಹನ್ನೊಂದು ಪುಸ್ತಕಗಳಿಗೆ ಸಹಿ ಹಾಕಿದೆ. ಬೀರು ಉಳಿಯಿತು.

ಈ ವರ್ಷ ಮೈಸೂರಿನಿಂದ ಮೋನಿಕಾ ಎಂಬ ಸಂಶೋಧಕಿ ಆ ಪುಸ್ತಕಗಳನ್ನೇ ಹುಡುಕಿಕೊಂಡು ಬಂದರು. ಜೊತೆಯಲ್ಲಿ ಪ್ರಿನ್ಸಿಪಾಲರಿದ್ದರು. ರಿಜಿಸ್ಟರ್ ತಿರುವಿದ ಮೋನಿಕಾ ಅವರ ಮುಖ ಅರಳಿತು.

"ಗುಬ್ಬೀಲಿ ಇಷ್ಟೊಂದು ಜನ ಓದ್ತಾರಾ? ಇವರ ಬಗ್ಗೆ ನಾನು ಬರೀಲೇಬೇಕು. ತನುಶ್ರೀ ಅಂತೆ, ಹನ್ನೊಂದು ಪುಸ್ತಕ! ಯಾರು ಇವರು?"

ನಾನು ಎದುರಿನ ಮೇಜಿನಲ್ಲೇ ಕೂತಿದ್ದೆ. ಪ್ರಿನ್ಸಿಪಾಲರು ನನ್ನತ್ತ ಕೈ ತೋರಿಸಿದರು.

"ಯಾವುದು ಇಷ್ಟ ಆಯ್ತಮ್ಮ?" ಎಂದರು ಮೋನಿಕಾ.

ನನಗೆ ಒಂದು ಪುಸ್ತಕದ ಹೆಸರೂ ಗೊತ್ತಿರಲಿಲ್ಲ.

ಗುರುಸಿದ್ದಯ್ಯನವರು ಎದ್ದು ನಿಂತರು. ನಿವೃತ್ತಿಗೆ ಎಂಟು ತಿಂಗಳಿತ್ತು.

"ಆ ಮಗೂನ ಕೇಳ್ಬೇಡಿ ಮೇಡಂ. ಸೈನೆಲ್ಲ ನಾನೇ ಹಾಕ್ಕಂಡಿದ್ದು. ಅದ್ಕೇನೂ ಗೊತ್ತಿಲ್ಲ. ಯಾರೂ ಓದಿಲ್ಲ."

ಅಲ್ಲ, ಅದು ನನ್ನದೇ ಸಹಿ, ಎನ್ನಲು ಬೇಕಾದಷ್ಟು ಹೊತ್ತಿತ್ತು. ನಾನು ನೆಲ ನೋಡಿದೆ.

ಮೋನಿಕಾ ಒಂದು ಕಾರ್ಡು ಎತ್ತಿಕೊಂಡರು. "ಓದದೆ ಇದನ್ನ ಬರೆಯೋಕಾಗುತ್ತಾ? ಯಾರು ಬರೆದದ್ದು?"

ಗುರುಸಿದ್ದಯ್ಯನವರು ಸುಳ್ಳು ಸಹಿ ಒಪ್ಪಿಕೊಂಡಾಗಲೂ ಈಗಿನಷ್ಟು ಕುಗ್ಗಿರಲಿಲ್ಲ. "ಡ್ಯೂಟಿ ಟೈಮಲ್ಲಿ ಓದ್ಬುಟ್ಟೆ ಮೇಡಂ. ತಪ್ಪಾಯ್ತು. ಬರೀಬೇಡಿ."

ಮರುದಿನವೇ ಸುಳ್ಳು ಸಹಿಗೆ ಕಾರಣ ಕೇಳಿ ಅವರ ಕೈಗೆ ನೋಟಿಸು ಬಂತು. ಪುಸ್ತಕಗಳನ್ನೂ ಕಾರ್ಡುಗಳನ್ನೂ ಮೋನಿಕಾ ತಮ್ಮ ವಿಶ್ವವಿದ್ಯಾಲಯಕ್ಕೆ ಕೇಳಿ ಪಡೆದರು. ಕಟ್ಟು ಕಟ್ಟುವ ದಿನ ನಾನು ಲೈಬ್ರರಿಗೆ ಹೋದೆ.

"ಸಾರ್, ಅವತ್ತು ನಾನು ಹೇಳ್ಬೇಕಿತ್ತು."

"ಬುಡವ್ವ. ಎಕ್ಸಾಮ್ ಐತಲ್ಲ, ಓದ್ಕ ಹೋಗು." ತಲೆ ಎತ್ತಲಿಲ್ಲ.

ಗಂಟು ಬಿಗಿಯುವಾಗ ದಾರದ ಮೇಲೆ ಬೆರಳೊತ್ತಿ ಹಿಡಿಯಲು ಇನ್ನೊಬ್ಬರು ಬೇಕಿತ್ತು. ನಾನು ಕೈ ಚಾಚಿದೆ. ಅವರು ಕಟ್ಟಿನ ಮೇಲೆ ಮೊಣಕಾಲೂರಿ ತಾವೇ ಬಿಗಿದುಕೊಂಡರು.