ಮಗ್ಗದ ಕುಣಿಯ ಸುತ್ತ ಊಟ

ಗೆಳೆಯರೇ, ನಾವು ಗುಳೇದಗುಡ್ಡದಲ್ಲಿ ಕೊಂಡ ಮೊದಲ ಮನೆ, ಅಂದರೆ ನೇಕಾರರ ಅರ್ಧ ಬಿದ್ದ ಮನೆ, ನಡುವೆ ಒಂದು ಕುಣಿ ಇಟ್ಟುಕೊಂಡಿದೆ. ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಮಗ್ಗದ ಕುಣಿ. ಅದನ್ನು ಮುಚ್ಚಲು ಇಂದು ಟ್ರ್ಯಾಕ್ಟರ್ ತುಂಬ ಗರಸು ಮಣ್ಣು ತರಿಸಿದ್ದೆ.

ಗಾರೆ ಕೆಲಸದ ಗೌಂಡಿ ರಾಜೇಸಾಬ ಮೊದಲ ಬುಟ್ಟಿ ಹೊತ್ತು ತರುವಷ್ಟರಲ್ಲಿ ಅವ್ವ ಕುಣಿಯೊಳಗೆ ಕಾಲು ಬಿಟ್ಟು ಅಂಚಿನ ಮೇಲೆ ಕುಳಿತಿದ್ದಳು.

“ಏಳಬೇ, ಕುಣಿ ಮುಚ್ಚಬೇಕು,” ಅಂದೆ.

“ಮೊದಲ ಊಟಕ್ಕ ನೀಡು. ಇಲ್ಲೇ ಉಣ್ತೇನಿ.”

ಮೊಣಕಾಲು ಮಡಚಲು ಬಾರದಾದ ಮೇಲೆ ಅವ್ವ ಕುರ್ಚಿಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು, ನಾವೆಲ್ಲ ಕೆಳಗೆ. “ನಿಮ್ಮ ನೆತ್ತಿ ನೋಡಿಕೋತ ಎಷ್ಟ್ ಉಣ್ಲಿ?” ಎಂದು ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. ಇಂದು ನನ್ನ ಹೆಂಡತಿ ಎಲ್ಲರ ತಾಟನ್ನೂ ಕುಣಿಯ ಸುತ್ತ ಇಟ್ಟಳು. ಅವ್ವ ನಮ್ಮ ಸರಿಸಮ ಕುಳಿತು ಎರಡು ರೊಟ್ಟಿ ಮುಗಿಸಿ, ನನ್ನ ತಾಟಿನ ಬದನೆಕಾಯಿಗೂ ಕೈಹಾಕಿದಳು.

ಬುಟ್ಟಿ ಹಿಡಿದೇ ನಿಂತಿದ್ದ ರಾಜೇಸಾಬ ಕೇಳಿದ: “ಸರ, ಗರಸು ಎಲ್ಲಿ ಸುರೀಲಿ?”

“ನನ್ನ ತಲಿ ಮ್ಯಾಲೆ ಸುರಿ!” ಅಂದಳು ಅವ್ವ.

ಹೆಂಡತಿ ತಾನೂ ಕಾಲು ಇಳಿಬಿಟ್ಟು ನೋಡಿದಳು. “ರಾಜೇಸಾಬಣ್ಣ, ಇದನ್ನ ಇನ್ನೊಂದೀಟು ಅಗಲ ಮಾಡಾಕ ಬರ್ತದೇನು?”

ಮುಚ್ಚಲು ಬಂದ ಗೌಂಡಿ ಈಗ ಅಗೆಯುತ್ತಿದ್ದಾನೆ. ಅಗೆದ ಮಣ್ಣೂ ಬಾಗಿಲ ಮುಂದಿನ ಗರಸಿನ ಮೇಲೆ ಬಿದ್ದು ಊರಿಗೆ ಇನ್ನೊಂದು ಗುಡ್ಡ ಸೇರಿದೆ. ಅದನ್ನು ಹತ್ತಿ ಇಳಿದು ಬನ್ನಿ. ಊಟಕ್ಕೆ ಜಾಗವಿದೆ, ನಿಮ್ಮ ತಾಟಿನ ಪಲ್ಯಕ್ಕೆ ಮಾತ್ರ ನಾನು ಜವಾಬ್ದಾರನಲ್ಲ.