ಉಪಗ್ರಹಕ್ಕೆ ಕಂಡ ಹಲಸಿನ ಮರ

ಕಾಪುವಿನಲ್ಲಿ ಹುಟ್ಟಿ ಬೆಳೆದವಳು ನಾನು. ಕಿವಿರು ಎತ್ತಿ ನೋಡದೆ ಬಂಗುಡೆ ಮೀನು ಕೊಂಡವಳಲ್ಲ. ಮೇಲೆ ಹೊಳೆಯುವುದನ್ನು ನಂಬುವ ಅಭ್ಯಾಸ ನನಗಿಲ್ಲ. ಆದರೂ ಮಣಿಪಾಲದಲ್ಲಿ ನನಗೆ ಸಿಕ್ಕ ಕೆಲಸ, ಉಪಗ್ರಹಕ್ಕೆ ಕಾಣುವ ಹಸಿರನ್ನು ನೋಡಿ ಗಿಡಮರಗಳು ಗಾಳಿಯಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೀರುತ್ತವೆಂದು ಅಂದಾಜು ಮಾಡುವುದು.

ಒಂದು ವರ್ಷದ ನಕ್ಷೆಯಲ್ಲಿ, ಕಾರ್ಕಳದ ನನ್ನ ಗಂಡನ ಮನೆಯ ಹಿಂದಿನ ತಗ್ಗು ಸುತ್ತಲಿನ ಎಲ್ಲಕ್ಕಿಂತ ಹಸಿರಾಗಿ ಕಂಡಿತು. ಅದನ್ನು ಅತ್ತೆಗೆ ಮೊಬೈಲಿನಲ್ಲಿ ತೋರಿಸಿದೆ. ಮದುವೆಯಾಗಿ ಬಂದ ಮಳೆಗಾಲದಲ್ಲೇ ಅವರು ನೆಟ್ಟ ಹಲಸಿನ ಮರ ಆ ತಗ್ಗಿನಲ್ಲಿತ್ತು. ಮಂಡಿನೋವಿನಿಂದ ಇಳಿಯಲಾಗದೆ, ದಿನವೂ ಜಗಲಿಯಿಂದಲೇ ಅದನ್ನು ನೋಡುತ್ತಿದ್ದರು.

"ನನ್ನ ಮರ ಅಷ್ಟು ಮೇಲಿಂದಲೂ ಕಾಣ್ತದಾ?" ಎಂದು ಮೊಬೈಲನ್ನು ಬೆರಳಿನಿಂದ ಸವರಿದರು. ಮನೆಗೆ ಬಂದವರಿಗೆಲ್ಲ ಅದೇ ಸುದ್ದಿ.

ನನಗೆ ಮಾತ್ರ ಅನುಮಾನ ಹತ್ತಿತು. ಎರಡು ಬೇಸಿಗೆಯಿಂದ ಆ ಮರ ಕಾಯಿ ಬಿಟ್ಟಿರಲಿಲ್ಲ. ಕೇಳಿದರೆ ಅತ್ತೆ, "ಮರಕ್ಕೂ ವಿಶ್ರಾಂತಿ ಬೇಡವಾ ಮಾರಾಯ್ತಿ?" ಎನ್ನುತ್ತಿದ್ದರು. ತಗ್ಗಿನ ಹಲಸು, ಮಾವು, ಹುಣಸೆ ಒಂದೊಂದೂ ಒಂದೊಂದು ಬಗೆಯ ಹಸಿರಾಗಿರಬೇಕಿತ್ತು; ನಕ್ಷೆಯ ಆ ತುಂಡಿನಲ್ಲಿ ಎಲ್ಲವೂ ಒಂದೇ ಬಣ್ಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಭಾನುವಾರ ಬೆಳಿಗ್ಗೆ ಕತ್ತಿ ಹಿಡಿದು ಇಳಿದೆ.

ಹಟ್ಟಿಯಲ್ಲಿ ದನಗಳಿದ್ದಾಗ ಅವುಗಳ ಕಾಲಡಿಗೆ ಹಾಸಲು ಸೊಪ್ಪು ಕಡಿಯಲೆಂದು ಯಾರಾದರೂ ಅಲ್ಲಿಗೆ ಹೋಗುತ್ತಲೇ ಇದ್ದರು. ಬಳ್ಳಿ ತಲೆ ಎತ್ತಿದರೆ ಅದೂ ಕತ್ತಿಗೆ ಸಿಗುತ್ತಿತ್ತು. ದನ ಮಾರಿದ ಮೇಲೆ ಆ ಕಡೆ ತಲೆ ಹಾಕಿದವರಿಲ್ಲ. ಈಗ ಹಲಸಿನ ಮರ ಬುಡದಿಂದ ತುದಿಯವರೆಗೆ ಬಳ್ಳಿಯನ್ನು ಕಂಬಳಿಯಂತೆ ಹೊದ್ದು ನಿಂತಿತ್ತು. ಸೀಳಿ ಒಳಗೆ ಕೈ ಹಾಕಿದೆ. ಹಲಸಿನ ಒಂದು ಎಲೆಯೂ ಇಲ್ಲ. ತೊಗಟೆ ಕಳಚಿ ಕೈಗೆ ಬಂತು, ಒಳಗೆಲ್ಲ ಗೆದ್ದಲು. ಉಪಗ್ರಹ ಕಂಡದ್ದು ಬಳ್ಳಿಯ ಹಸಿರನ್ನು. ಒಳಗಿನ ಮರವೋ, ಬದುಕಿದ್ದಾಗ ಹೀರಿಟ್ಟ ಇಂಗಾಲವನ್ನು ಕೊಳೆಯುತ್ತ ಗಾಳಿಗೆ ವಾಪಸು ಬಿಡುತ್ತಿತ್ತು. ನನ್ನ ಅನುಮಾನ ನಿಜವಾಯಿತೆಂದು ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ. ಅಳು ಬಂತು.

ಅತ್ತೆ ಜಗಲಿಯಲ್ಲಿ ಕಾಯುತ್ತಿದ್ದರು. "ಎಂತ, ಕಾಯಿ ಉಂಟಾ?"

"ಮರ ಸತ್ತಿದೆ ಅತ್ತೆ. ಕಾಣುವುದೆಲ್ಲ ಬಳ್ಳಿ."

ಅವರು ತಗ್ಗಿನತ್ತ ನೋಡಿದರು. ಅಲ್ಲಿ ಈಗಲೂ ಎಲ್ಲವೂ ಹಸಿರಾಗಿಯೇ ಇತ್ತು. ಆಮೇಲೆ ನನ್ನ ಕೈಯಲ್ಲಿದ್ದ ಕತ್ತಿಯನ್ನು ನೋಡಿದರು.

"ನೀನು ಇಳಿಯುವವರೆಗೆ ಜೀವ ಇತ್ತಲ್ಲ," ಎಂದರು.